ಮೋಟಾರಿನ ಎನ್‌ಕೋಡರ್ ಸಾಕೇ, ಗಾಜಿನ ಸ್ಕೇಲ್ ಬೇಕೇ? ಅನುಭವಸ್ಥರು ತಿಳಿಸಿ

ಕೇಳಿದವರು, ಬೆಳಗಾವಿ:
ನಮ್ಮ ಹಳೆಯ ವರ್ಟಿಕಲ್ ಮಷೀನಿಂಗ್ ಸೆಂಟರಿನಲ್ಲಿ (ಲೋಹ ಕೊರೆಯುವ ಕಂಪ್ಯೂಟರ್ ನಿಯಂತ್ರಿತ ಯಂತ್ರ) ಬೆಳಿಗ್ಗೆ ಕೊರೆದ ಬೋರುಗಳ ಅಂತರಕ್ಕೂ ಮಧ್ಯಾಹ್ನ ಕೊರೆದವುಗಳ ಅಂತರಕ್ಕೂ 30 ಮೈಕ್ರಾನ್ ವ್ಯತ್ಯಾಸ ಬರುತ್ತಿದೆ. ಈಗ ಇರುವುದು ಮೋಟಾರಿನ ಹಿಂಬದಿಯ ಎನ್‌ಕೋಡರ್, ಅಂದರೆ ಮೋಟಾರಿನ ಸುತ್ತು ಎಣಿಸುವ ಸಾಧನ, ಮಾತ್ರ. ಯಂತ್ರದ ಚಲನೆಯನ್ನು ನೇರವಾಗಿ ಅಳೆಯುವ, ಗೆರೆ ಕೊರೆದ ಗಾಜಿನ ಲೀನಿಯರ್ ಸ್ಕೇಲ್ ಹಾಕಿಸಿದರೆ ಸರಿಹೋದೀತೇ?

ಪೀಣ್ಯ, ಬೆಂಗಳೂರು:
ನಾನು ಹಾಕಿಸಿದೆ, ಮತ್ತೆ ಕೇಳಿದರೂ ಹಾಕಿಸಿ ಎಂದೇ ಹೇಳುತ್ತೇನೆ. ಮೇಜನ್ನು ಸರಿಸುವ ನಮ್ಮ ಬಾಲ್‌ಸ್ಕ್ರೂ ಒಂದು ಸುತ್ತಿಗೆ ನಟ್ಟನ್ನು ಸರಿಸುವ ದೂರ, ಅಂದರೆ ಪಿಚ್, 10 ಮಿ.ಮೀ.; ಎನ್‌ಕೋಡರ್ 20 ಬಿಟ್, ಅಂದರೆ ಸುತ್ತಿಗೆ ಹತ್ತು ಲಕ್ಷಕ್ಕೂ ಹೆಚ್ಚು ಎಣಿಕೆ; ಒಂದು ಎಣಿಕೆಗೆ 10 ನ್ಯಾನೊಮೀಟರಿಗಿಂತ ಕಡಿಮೆ ಎಂದು ಮಾರಿದವರು ಹೆಮ್ಮೆಯಿಂದ ಹೇಳಿದ್ದರು. ಆದರೆ ಉಕ್ಕು ಡಿಗ್ರಿಗೆ, ಮೀಟರಿಗೆ ಸುಮಾರು 11 ಮೈಕ್ರಾನ್ ಹಿಗ್ಗುತ್ತದೆ. ಒಂದೇ ತುದಿಯಲ್ಲಿ ಬಿಗಿದ ಸ್ಕ್ರೂ 10 ಡಿಗ್ರಿ ಬಿಸಿಯಾದರೆ ಅರ್ಧ ಮೀಟರಿನಲ್ಲಿ ನಟ್ 55 ಮೈಕ್ರಾನ್ ಸರಿದಿರುತ್ತದೆ, ಮೋಟಾರು ಮಾತ್ರ ತಾನು ಸುತ್ತಿದ ಲೆಕ್ಕವನ್ನೇ ಒಪ್ಪಿಸುತ್ತದೆ. ಎರಡು ಅಕ್ಷಗಳ ಸ್ಕೇಲಿಗೆ 2 ಲಕ್ಷ 60 ಸಾವಿರ, ಬ್ರಾಕೆಟ್ ಮತ್ತು ಆಧಾರಪಟ್ಟಿಯ ಗ್ರೈಂಡಿಂಗಿಗೆ 38 ಸಾವಿರ, ಕಂಟ್ರೋಲರಿನಲ್ಲಿ ಎರಡನೆಯ ಫೀಡ್‌ಬ್ಯಾಕಿಗೆ (ಸ್ಕೇಲಿನ ಅಳತೆಯನ್ನೂ ಓದುವ ಸೌಲಭ್ಯ) 85 ಸಾವಿರ ತೆತ್ತೆ. ಯಂತ್ರ ನಿಂತ ನಷ್ಟ ಬೇರೆ. ಈಗ ದಿನವಿಡೀ ಬೋರಿನ ಅಂತರ 8 ಮೈಕ್ರಾನಿನೊಳಗೆ ನಿಲ್ಲುತ್ತದೆ.

ಕೊಯಮತ್ತೂರಿನಲ್ಲಿರುವ ಕನ್ನಡಿಗ:
ಮೇಲಿನವರು ಹೇಳದೆ ಬಿಟ್ಟಿರುವುದು ಕೊಳೆ ಒಳನುಗ್ಗದಂತೆ ಸ್ಕೇಲಿನ ಕವಚದೊಳಗೆ ಊದುವ ಗಾಳಿಯ ವಿಷಯ. ನಮ್ಮ ಸ್ಕೇಲಿಗೆ ಕಂಪ್ರೆಸರಿನಿಂದ ನೇರವಾಗಿ ಗಾಳಿ ಕೊಡಬಹುದೆಂದು ಸರಬರಾಜುದಾರರ ಎಂಜಿನಿಯರ್ ಬರೆದುಕೊಟ್ಟು ಹೋದರು. ಆ ಗಾಳಿಯೊಡನೆ ಎಣ್ಣೆ ಮತ್ತು ನೀರಿನ ಹನಿಗಳು ಒಳಹೊಕ್ಕು ಗಾಜಿನ ಮೇಲೆ ಪದರ ಕಟ್ಟಿದವು. ಸ್ಕೇಲಿನ ಗೆರೆಗಳನ್ನು ಓದುವ ಹೆಡ್ ಏಕಕಾಲಕ್ಕೆ ಹಲವು ಗೆರೆಗಳನ್ನು ನೋಡುವುದರಿಂದ ಚಿಕ್ಕ ಕಲೆಯೊಂದನ್ನು ತಾಳಿಕೊಳ್ಳುತ್ತದೆ ನಿಜ, ಆದರೆ ಪದರವನ್ನು ತಾಳಿಕೊಳ್ಳುವುದಿಲ್ಲ. ಹೆಡ್ ಕೊಡುವ ಸೈನ್ ಮತ್ತು ಕೊಸೈನ್ ಅಲೆಯಾಕಾರದ ಎರಡು ಸಿಗ್ನಲ್‌ಗಳನ್ನು ಆಸಿಲೋಸ್ಕೋಪಿನಲ್ಲಿ ಒಂದಕ್ಕೆದುರು ಒಂದಿಟ್ಟಾಗ ದುಂಡಗಿರಬೇಕಾದ ವೃತ್ತ ಕುಗ್ಗುತ್ತ, ಒಂದು ಮಗ್ಗುಲಿಗೆ ಚಪ್ಪಟೆಯಾಗುತ್ತ ಬಂತು. ಗೆರೆಗಳ 20 ಮೈಕ್ರಾನಿನ ಆವರ್ತವನ್ನು ಇನ್ನೂ ಸಣ್ಣ ಅಳತೆಗಳಾಗಿ ಹೋಳು ಮಾಡುವ ಲೆಕ್ಕವೆಲ್ಲ ಆ ವೃತ್ತದ ಮೇಲೆಯೇ ನಿಂತಿರುವುದರಿಂದ, ಪ್ರತಿ 20 ಮೈಕ್ರಾನಿಗೊಮ್ಮೆ ಅದೇ ದೋಷ ಮರುಕಳಿಸಿ ಅಚ್ಚಿನ ಇಳಿಜಾರು ಮೇಲ್ಮೈಯಲ್ಲಿ ಅಲೆಗಳು ಮೂಡಿದವು. ಒಂದು ಸ್ಕೇಲಿನ ಬದಲಾವಣೆಗೆ 1 ಲಕ್ಷ 40 ಸಾವಿರ, ತಿರಸ್ಕೃತವಾದ ಅಚ್ಚಿಗೆ ಅದಕ್ಕಿಂತ ಹೆಚ್ಚು.

ಹೊಸೂರು:
ಇಬ್ಬರೂ ಸ್ಕೇಲನ್ನು ಎಲ್ಲಿ ಕೂರಿಸಿದ್ದೀರಿ ಎಂದು ಹೇಳಿಲ್ಲ, ನನಗೆ ಕೋಪ ಬರುವುದು ಅಲ್ಲಿಯೇ. ನಮ್ಮಲ್ಲಿ ಜೋಡಿಸಿದವರು ಜಾಗ ಸಿಕ್ಕಿತೆಂದು ಟೂಲಿನ ತುದಿಗಿಂತ 200 ಮಿ.ಮೀ. ಕೆಳಗೆ ಬಿಗಿದರು. ಮೇಜು ಜಾರುವ ಹಳಿಯಾದ ಗೈಡ್‌ವೇ 5 ಆರ್ಕ್‌ಸೆಕೆಂಡ್ (ಒಂದು ಆರ್ಕ್‌ಸೆಕೆಂಡ್ ಎಂದರೆ ಡಿಗ್ರಿಯ 3600ರಲ್ಲಿ ಒಂದು ಪಾಲು) ವಾಲಿದರೆ ಸಾಕು, ಟೂಲಿನ ತುದಿಯಲ್ಲಿ ಸುಮಾರು 5 ಮೈಕ್ರಾನ್ ತಪ್ಪುತ್ತದೆ. ಸ್ಕೇಲಿಗೆ ಅದರ ಅರಿವೇ ಇರುವುದಿಲ್ಲ. ಬ್ರಾಕೆಟ್ ಬಿಚ್ಚಿ, ಹೊಸದನ್ನು ಎರಕ ಹೊಯ್ಯಿಸಿ ಮೇಲೆ ತರಲು 52 ಸಾವಿರ ತೆತ್ತೆವು.

ಪೀಣ್ಯ, ಬೆಂಗಳೂರು:
5 ಮೈಕ್ರಾನಿಗಾಗಿ 55 ಮೈಕ್ರಾನಿನ ಪರಿಹಾರವನ್ನು ಹಳಿಯುವುದು ಯಾವ ನ್ಯಾಯ? ಡ್ರೈಯರ್ ಇಲ್ಲದೆ ಗಾಳಿ ಬಿಟ್ಟದ್ದೂ ಸ್ಕೇಲಿನ ದೋಷವಲ್ಲ.

ತುಮಕೂರು:
ಪೀಣ್ಯದವರ 8 ಮೈಕ್ರಾನ್ ಯಾವ ತಾಪಮಾನದ್ದು? ಮಾಪನಕ್ಕೆ ಆಧಾರ 20 ಡಿಗ್ರಿ. ನಮ್ಮ ಶೆಡ್ಡು ಏಪ್ರಿಲ್‌ನಲ್ಲಿ 34ಕ್ಕೆ ಏರುತ್ತದೆ. ಗಾಜು ಡಿಗ್ರಿಗೆ, ಮೀಟರಿಗೆ ಸುಮಾರು 8 ಮೈಕ್ರಾನ್ ಹಿಗ್ಗಿದರೆ ಉಕ್ಕಿನ ಜಾಬು (ಕೊರೆಯಲು ಕೂರಿಸಿದ ತುಂಡು) 11, ಅಂದರೆ 14 ಡಿಗ್ರಿಗೆ ಮೀಟರಿಗೆ 42 ಮೈಕ್ರಾನ್ ಅಂತರ. ಆದ್ದರಿಂದಲೇ ನಾನು ಗಾಜನ್ನು ಬಿಟ್ಟು ಉಕ್ಕಿನ ಟೇಪ್ ಸ್ಕೇಲ್ ಆರಿಸಿಕೊಂಡೆ. ಅದು ಜಾಬಿನ ಜೊತೆಗೇ ಹಿಗ್ಗುತ್ತದೆ.

ಕೊಯಮತ್ತೂರಿನಲ್ಲಿರುವ ಕನ್ನಡಿಗ:
ನಿಮ್ಮ ಟೇಪು ಅಂಟಿಕೊಂಡಿರುವುದು ಎರಕದ ಮೈಗೆ, ಜಾಬು ಇರುವುದು ತಂಪು ಮಾಡುವ ದ್ರವವಾದ ಕೂಲಂಟಿನಡಿ. ಎರಡೂ ಒಂದೇ ಬಿಸಿಯಲ್ಲಿವೆ ಎಂದು ಥರ್ಮಾಮೀಟರ್ ಹಚ್ಚಿ ನೋಡಿದ್ದೀರಾ? ಅಲ್ಯೂಮಿನಿಯಂ ಜಾಬು ಬಂದರೆ 23 ಮೈಕ್ರಾನ್, ಆಗೇನು ಮಾಡುತ್ತೀರಿ? ಪೀಣ್ಯದವರಿಗೆ ಒಂದು ಮಾತು: ಡ್ರೈಯರ್ ಬೇಡವೆಂದು ಬರೆದುಕೊಟ್ಟ ಕಾಗದ ಇಂದಿಗೂ ನನ್ನ ಫೈಲಿನಲ್ಲಿದೆ. ಫಿಲ್ಟರ್, ಡ್ರೈಯರ್, ರೆಗ್ಯುಲೇಟರ್ ಎಲ್ಲಕ್ಕೂ ನಾನೇ ಕೊನೆಗೆ 47 ಸಾವಿರ ಕೊಟ್ಟೆ, ಅದು ಸರಬರಾಜುದಾರರ ಕೊಟೇಶನ್ನಿನ ಮೊದಲ ಸಾಲಿನಲ್ಲೇ ಇರಬೇಕಿತ್ತು.