ಲಿಗಮೆಂಟ್, ಟೆಂಡನ್: ಎರಡಕ್ಕೂ ಬೇರೆ ಬೇರೆ ಪದ ಬೇಕು

ಗೆಳೆಯರೇ,

ಅಮೆರಿಕದ ವೃತ್ತಿಪರ ಬೇಸ್‌ಬಾಲ್‌ನಲ್ಲಿ ಮೊಣಕೈ ಆಪರೇಷನ್‌ಗಳು ಹೆಚ್ಚುತ್ತಿರುವ ಬಗ್ಗೆ ಬರೆಯುತ್ತಿದ್ದೇನೆ. ಎರಡು ಪದಗಳಿಗೆ ನಿಮ್ಮ ಸಹಾಯ ಬೇಕು.

ನಮ್ಮ ಕ್ರೀಡಾ ಸುದ್ದಿಗಳಲ್ಲಿ ಮಸಲ್ ಆದರೂ ಸ್ನಾಯು, ಲಿಗಮೆಂಟ್ ಆದರೂ ಎಷ್ಟೋ ಸಲ ಸ್ನಾಯು. ಇಲ್ಲಿ ಅದು ನಡೆಯುವುದಿಲ್ಲ. ಲಿಗಮೆಂಟ್ ಜಾಗದಲ್ಲಿ ಟೆಂಡನ್ ಕೂರಿಸುವುದೇ ಈ ಆಪರೇಷನ್. ಮೊಣಕೈ ಒಳಬದಿಯಲ್ಲಿ ಮೂಳೆಗೂ ಮೂಳೆಗೂ ನಡುವೆ ಇರುವ ಲಿಗಮೆಂಟ್ ಹರಿದಿರುತ್ತದೆ. ಸಾಮಾನ್ಯವಾಗಿ ಮುಂಗೈಯಿಂದ ಒಂದು ಟೆಂಡನ್ (ಸ್ನಾಯುವನ್ನು ಮೂಳೆಗೆ ಸೇರಿಸುವ ಹುರಿ) ತೆಗೆದು, ಮೂಳೆಗಳಲ್ಲಿ ತೂತು ಕೊರೆದು ಪೋಣಿಸುತ್ತಾರೆ. ಹೆಬ್ಬೆರಳು, ಕಿರುಬೆರಳು ಕೂಡಿಸಿ ಮಣಿಕಟ್ಟು ಸ್ವಲ್ಪ ಬಗ್ಗಿಸಿ ನೋಡಿ. ನಡುವೆ ಹುರಿಯಂತೆ ಎದ್ದು ಕಾಣುತ್ತದಲ್ವಾ, ಅದೇ. ಕೆಲವರಿಗೆ ಅದು ಹುಟ್ಟಿನಿಂದಲೇ ಇರುವುದಿಲ್ಲ.

1974ರಲ್ಲಿ ಡಾ. ಫ್ರಾಂಕ್ ಜೋಬ್ ಇದನ್ನು ಮೊದಲು ಮಾಡಿದ್ದು ಡಾಡ್ಜರ್ಸ್ ತಂಡದ ಎಡಗೈ ಪಿಚರ್ (ಚೆಂಡು ಎಸೆಯುವ ಆಟಗಾರ) ಟಾಮಿ ಜಾನ್ ಅವರಿಗೆ. ಟೆಂಡನ್ ತೆಗೆದದ್ದು ಬಲಗೈಯಿಂದ. 1976ರಲ್ಲಿ ಮೈದಾನಕ್ಕೆ ಮರಳಿದ ಅವರು 1989ರವರೆಗೂ ಆಡಿದರು. ಆಪರೇಷನ್‌ಗೆ ಅವರ ಹೆಸರೇ ನಿಂತಿತು. ಅಲ್ಲಿನ ಅತ್ಯುನ್ನತ ಮಟ್ಟದ ಮೇಜರ್ ಲೀಗ್, ಅದರ ಕೆಳಗಿನ ಮೈನರ್ ಲೀಗ್ ಎರಡೂ ಸೇರಿ ಇಂಥ ಆಪರೇಷನ್‌ಗಳು 2010ರಲ್ಲಿ 104 ಇದ್ದದ್ದು 2024ರಲ್ಲಿ 281 ಆಯಿತು. ಮೇಜರ್ ಲೀಗ್ ತಾನೇ ನಡೆಸಿದ ಅಧ್ಯಯನ ಬೊಟ್ಟು ಮಾಡುವುದು ವೇಗದ ಕಡೆಗೆ, ಪ್ರತಿ ಚೆಂಡನ್ನೂ ಮೈಯ ಬಲವೆಲ್ಲ ಹಾಕಿ ಎಸೆಯುವ ರೂಢಿಯ ಕಡೆಗೆ. 2008ರಲ್ಲಿ ಗಂಟೆಗೆ ಸುಮಾರು 91 ಮೈಲಿ ಇದ್ದ ಫಾಸ್ಟ್‌ಬಾಲ್ (ಪಿಚರ್‌ನ ವೇಗದ ಎಸೆತ) ಸರಾಸರಿ ಈಗ 94 ದಾಟಿದೆ.

ಈಗ ಪದಕ್ಕೆ ಬರೋಣ. ಲಿಗಮೆಂಟ್‌ಗೆ ಅಸ್ಥಿರಜ್ಜು, ಟೆಂಡನ್‌ಗೆ ಸ್ನಾಯುರಜ್ಜು ಎಂದು ಬಳಸುವವರಿದ್ದಾರೆ. ಅರ್ಥ ಸರಿಯಾಗಿದೆ. ಆದರೆ ‘ಅಸ್ಥಿರಜ್ಜುವಿನ ಜಾಗಕ್ಕೆ ಸ್ನಾಯುರಜ್ಜು’ ಎಂದರೆ ಓದುಗರು ಅಲ್ಲೇ ಎಡವುತ್ತಾರೆ. ಮಾತಿನಲ್ಲಿ ನಾವು ‘ನರ’ ಅಂತೀವಿ. ಅದಂತೂ ಇಲ್ಲಿ ಬೇಡವೇ ಬೇಡ. ಮೊಣಕೈಯ ಅದೇ ಜಾಗದಲ್ಲಿ ನಿಜವಾದ ನರವೊಂದು ಹಾದುಹೋಗುತ್ತದೆ. ಟಾಮಿ ಜಾನ್ ಅವರಿಗೆ ಆ ನರದ ತೊಂದರೆಗೆಂದೇ ಮತ್ತೊಂದು ಆಪರೇಷನ್ ಬೇಕಾಯಿತು.

ಸದ್ಯಕ್ಕೆ ಲಿಗಮೆಂಟ್ ಹಾಗೇ ಇರಲಿ, ಆಸ್ಪತ್ರೆಗೆ ಹೋದವರಿಗೆಲ್ಲ ಗೊತ್ತಿರುವ ಪದ. ಟೆಂಡನ್‌ಗೆ ‘ಸ್ನಾಯುಹುರಿ’ ಆಗಬಹುದು ಅನಿಸುತ್ತದೆ. ಆದರೆ ಪದ ಕಟ್ಟುವ ಮೊದಲು ಇರುವುದನ್ನು ಹುಡುಕುವುದು ಒಳ್ಳೆಯದು. ಮೂಳೆ ಕಟ್ಟುವ ನಾಟಿ ವೈದ್ಯರು, ಮಾಂಸ ಕತ್ತರಿಸುವವರು ಇವೆರಡನ್ನೂ ದಿನಾ ಕೈಯಲ್ಲಿ ಮುಟ್ಟುತ್ತಾರೆ. ನಿಮ್ಮ ಊರ ಕಡೆ ಅವರು ಇವಕ್ಕೆ ಏನನ್ನುತ್ತಾರೆ? ಊರಿನ ಹೆಸರೂ ಜೊತೆಗೆ ತಿಳಿಸಿ.