ದೋಣಿ ನಿಲ್ಲಿಸುವ ಶೆಡ್ಡಿಗೆ ಬಾಗಿಲು ಎಷ್ಟು ಎತ್ತರ ಬೇಕು? ಎಂಜಿನಿಯರ್ ಜೊತೆ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಇವತ್ತು ನಮ್ಮ ಜೊತೆ ದಾವಣಗೆರೆಯ ಎಂಜಿನಿಯರ್ ಸರ್ ಇದ್ದಾರೆ. ಶೆಡ್, ಟ್ರಸ್ (ಛಾವಣಿ ಹೊರುವ ಕಬ್ಬಿಣದ ಚೌಕಟ್ಟು), ರೋಲಿಂಗ್ ಶಟರ್ ಕೆಲಸ ಮಾಡಿಸುವವರು. ದೋಣಿ, ಕಟಾವು ಯಂತ್ರ, ವ್ಯಾನು ಹೀಗೆ ಎತ್ತರದ್ದು ಏನೇ ಇರಲಿ, ನಿಲ್ಲಿಸುವ ಜಾಗದ ಬಾಗಿಲಿನ ಬಗ್ಗೆ ಕೇಳಬಹುದು. ಅಳತೆ ಸಮೇತ ಕೇಳಿ. ಫಾರ್ವರ್ಡ್ ಮೆಸೇಜ್ ಬೇಡ.

ಹಿನ್ನೀರು ಹಿರಿಯೂರು: ಸರ್, ನಮಸ್ಕಾರ. ವಾಣಿವಿಲಾಸ ಸಾಗರದ ಮೀನಿನ ಕೆಲಸಕ್ಕೆ 16 ಅಡಿಯ ಫೈಬರ್ ದೋಣಿ ತಗೊಂಡಿದ್ದೀವಿ. ಎರಡು ಚಕ್ರದ ಟ್ರೇಲರ್ ಮೇಲೆ ಇರುತ್ತದೆ, ಟ್ರ್ಯಾಕ್ಟರ್‌ಗೆ ಕಟ್ಟಿ ಎಳೆಯುತ್ತೇವೆ. ಬಿಸಿಲಿಗೆ ಕಬ್ಬಿಣದ ಪೈಪಿನ ಚಪ್ಪರ ಇದೆ. ನೆಲದಿಂದ ಚಪ್ಪರದ ತುದಿಗೆ 8 ಅಡಿ 3 ಇಂಚು. ಅಗಲ ಆರೂವರೆ ಅಡಿ. ಟ್ರೇಲರ್ ಮೂತಿಯಿಂದ ಎಂಜಿನ್ ತನಕ 21 ಅಡಿ. ಶೆಡ್ ನೆಲ ರಸ್ತೆಗಿಂತ 9 ಇಂಚು ಎತ್ತರ ಬರುತ್ತದೆ. ಶಟರ್‌ನವರು ಎಂಟೂವರೆ ಅಡಿ ಸಾಕು ಅಂತಾರೆ. ಸಾಕಾ?

ಎಂಜಿನಿಯರ್: ಸಾಲದು. ಅಳತೆ ಪೂರ್ತಿ ಕೊಟ್ಟಿದ್ದೀರಿ, ಸಂತೋಷ. ಹಾಗಾಗಿ ನಾನೂ ಪೂರ್ತಿ ಹೇಳುತ್ತೇನೆ.

ಮೊದಲು ಆ 8 ಅಡಿ 3 ಇಂಚು. ಟ್ರೇಲರ್ ಮೂತಿಯನ್ನು ಕಲ್ಲಿನ ಮೇಲೆ ಇಟ್ಟು ಅಳೆದಿದ್ದರೆ ಆ ಲೆಕ್ಕ ಬಿಡಿ. ಟ್ರ್ಯಾಕ್ಟರ್‌ಗೆ ಕೊಂಡಿ ಹಾಕಿ, ಟೈರಿಗೆ ಪೂರ್ತಿ ಗಾಳಿ ತುಂಬಿ ಅಳೆಯಿರಿ. ಕೊಂಡಿ ಎತ್ತರದಲ್ಲಿದ್ದರೆ ದೋಣಿಯ ಮೂತಿ ಏಳುತ್ತದೆ, ತಗ್ಗಿದ್ದರೆ ಹಿಂಭಾಗ ಏಳುತ್ತದೆ. ಎಂಜಿನ್ ಮೇಲೆ ಎತ್ತಿ ಮಡಚಿಟ್ಟಾಗ ಅದರ ತಲೆ ಎಲ್ಲಿಗೆ ಬರುತ್ತದೆ ಅನ್ನೋದನ್ನೂ ಬರೆದುಕೊಳ್ಳಿ.

ಎರಡನೆಯದು ರ‍್ಯಾಂಪು. ನೀವು ದೋಣಿಯನ್ನು ರಿವರ್ಸ್‌ನಲ್ಲಿ ಒಳಗೆ ಬಿಡುತ್ತೀರಿ. ಟ್ರೇಲರ್ ಚಕ್ರ ಮೇಲೆ ಹತ್ತಿರುತ್ತದೆ, ಟ್ರ್ಯಾಕ್ಟರ್ ಇನ್ನೂ ಕೆಳಗೆ ರಸ್ತೆಯಲ್ಲೇ ಇರುತ್ತದೆ. ಆಗ ಇಡೀ ದೋಣಿ ವಾಲುತ್ತದೆ, ಹಿಂಭಾಗ ಮೇಲೆ ಹೋಗುತ್ತದೆ. ನಿಮ್ಮ ಅಳತೆಯ ಟ್ರೇಲರ್‌ನಲ್ಲಿ ಕೊಂಡಿಯಿಂದ ಚಕ್ರಕ್ಕೆ ಸುಮಾರು 14 ಅಡಿ, ಎಂಜಿನ್ ಬಿಟ್ಟು ಚಕ್ರದಿಂದ ದೋಣಿಯ ಹಿಂತುದಿಗೆ ಸುಮಾರು 5 ಅಡಿ ಇರಬಹುದು. 9 ಇಂಚು ಏರಿದರೆ ಹಿಂತುದಿ 3 ಇಂಚಿಗಿಂತ ಜಾಸ್ತಿ ಏಳುತ್ತದೆ. ಆ ಹೊತ್ತಿಗೆ ಹಿಂತುದಿ ಬಾಗಿಲು ದಾಟಿ ಒಳಗೆ ಬಂದಿರುತ್ತದೆ. ಅಂದರೆ ತಗಲುವುದು ಬಾಗಿಲ ಮೇಲಿನ ಅಡ್ಡಪಟ್ಟಿಯಾದ ಲಿಂಟಲ್‌ಗೆ ಅಲ್ಲ, ಒಳಗಿನ ಟ್ರಸ್ಸಿನ ಕೆಳಪಟ್ಟಿಗೆ ಅಥವಾ ಟ್ಯೂಬ್‌ಲೈಟಿಗೆ. ಬಾಗಿಲು ಮಾತ್ರ ಅಳೆದವರು ಇದನ್ನು ಮರೆಯುತ್ತಾರೆ. ಶೆಡ್ ನೆಲ ರಸ್ತೆಗಿಂತ ತಗ್ಗಿದ್ದರೆ ಇದು ಉಲ್ಟಾ. ಮೂತಿ ಏಳುತ್ತದೆ, ಅದು ನೇರ ಲಿಂಟಲ್‌ಗೇ ಬಡಿಯುತ್ತದೆ.

ಮೂರನೆಯದು ಶಟರ್. ಮೇಲೆ ಸುತ್ತಿಕೊಂಡ ಸುರುಳಿಗೆ ಒಂದೂವರೆ ಅಡಿ ಜಾಗ ಬೇಕು. ಅದನ್ನು ಲಿಂಟಲ್‌ಗಿಂತ ಮೇಲೆ, ಒಳಗೋಡೆಗೆ ಕೂರಿಸಬೇಕು. ಜಾಗ ಇಲ್ಲ ಅಂತ ಲಿಂಟಲ್ ಕೆಳಗೆ ಕೂರಿಸಿದರೆ ನಿಮ್ಮ ಹತ್ತು ಅಡಿ ಬಾಗಿಲು ಎಂಟೂವರೆ ಆಗುತ್ತದೆ. ಜೊತೆಗೆ ಶಟರ್ ತುದಿಯ ಕೆಳಪಟ್ಟಿ ಪೂರ್ತಿ ಮೇಲೆ ಹೋಗುವುದಿಲ್ಲ, ಸ್ವಲ್ಪ ಇಳಿಬಿದ್ದೇ ಇರುತ್ತದೆ. ಆದ್ದರಿಂದ ಎತ್ತರವನ್ನು ಯಾವಾಗಲೂ ಆ ಪಟ್ಟಿಯ ಕೆಳಗಿನಿಂದ ಲೆಕ್ಕ ಹಾಕಬೇಕು.

ನಾನು ಹೇಳುವುದು: ಪಟ್ಟಿಯ ಕೆಳಗೆ ಖಾಲಿ 10 ಅಡಿ. ಬಾಗಿಲ ಅಗಲ 10 ಅಡಿ, ಯಾಕೆಂದರೆ ಟ್ರ್ಯಾಕ್ಟರ್‌ನಲ್ಲಿ ರಿವರ್ಸ್ ಬಿಡುವಾಗ ಟ್ರೇಲರ್ ನೇರ ಬರುವುದಿಲ್ಲ. ಟ್ರಸ್ಸಿನ ಕೆಳಪಟ್ಟಿ 12 ಅಡಿಗೆ ಇರಲಿ. ಶೆಡ್ ಒಳ ಉದ್ದ 27 ಅಡಿ ಇದ್ದರೆ ಸುತ್ತ ಓಡಾಡಬಹುದು. ಚಪ್ಪರ ಮಡಚಿಬಿಡ್ತೀವಿ ಅಂತ ಬಾಗಿಲು ಗಿಡ್ಡ ಮಾಡಬೇಡಿ. ಕತ್ತಲಲ್ಲಿ, ಮಳೆಯಲ್ಲಿ ಬಂದ ದಿನ ಯಾರೂ ಮಡಚುವುದಿಲ್ಲ.

ಇನ್ನೊಂದು. ನಿಮ್ಮ ಕಡೆ ಗಾಳಿ ಜಾಸ್ತಿ. ಸೆಕೆಂಡಿಗೆ 33 ಮೀಟರ್ ಗಾಳಿ ಬೀಸಿದರೆ ಒಂದು ಚದರ ಮೀಟರಿಗೆ ಸುಮಾರು 65 ಕೆಜಿ ಒತ್ತಡ. ಹತ್ತಕ್ಕೆ ಹತ್ತು ಅಡಿಯ ಶಟರ್ ಮೇಲೆ ಅದು ಸುಮಾರು 600 ಕೆಜಿ. ಅದಕ್ಕೇ 18 ಗೇಜ್ ಪಟ್ಟಿ, ಆಳವಾದ ಗೈಡ್ ಚಾನೆಲ್ (ಶಟರ್ ಜಾರುವ ಪಕ್ಕದ ಕಬ್ಬಿಣದ ಗಾಡಿ), ಪಟ್ಟಿ ತುದಿಗೆ ಲಾಕ್ ಇವೆಲ್ಲ ಬೇಕು. ಸಾಧ್ಯವಾದರೆ ಬಾಗಿಲು ಪೂರ್ವಕ್ಕೆ ಇಡಿ. ಮುಂಗಾರಿನ ಗಾಳಿ ಪಶ್ಚಿಮದಿಂದ ಬರುತ್ತದೆ.

ಕೋಟೆ ಊರು: ದೋಣಿಗೆ ಶೆಡ್ಡಾ! ದುರ್ಗದ ಜಿಲ್ಲೆಯಲ್ಲಿ ಕುಡಿಯೋಕೆ ನೀರಿಲ್ಲ ಅಂತಿದ್ವಿ.

ಹಿನ್ನೀರು ಹಿರಿಯೂರು: ಅಣ್ಣಾ, ಯಾವ ಕಾಲದ ಮಾತು? 1933ರಲ್ಲಿ ಕೋಡಿ ಬಿದ್ದಿದ್ದ ಡ್ಯಾಂ 2022ರಲ್ಲಿ ಮತ್ತೆ ಬಿತ್ತು. 2025ರ ಜನವರಿಯಲ್ಲಿ ಇನ್ನೊಂದು ಸಲ. ಬಂದು ನೋಡಿ.

ಭತ್ತದ ಗದ್ದೆ: ಭದ್ರಾ ನೀರು ಅಲ್ಲಿಗೆ ಹೋದರೆ ತುಂಬದೆ ಇನ್ನೇನು? ನಮ್ಮ ಕೊನೆ ಭಾಗದ ಕಾಲುವೆಗೆ ಬರುವುದೇ ಇಲ್ಲ.

ಹಿನ್ನೀರು ಹಿರಿಯೂರು: 2022ರಲ್ಲಿ ನಮ್ಮ ಡ್ಯಾಂ ಇರುವ ವೇದಾವತಿ ಹೊಳೆಗೆ ಮಳೆ ನೀರೂ ಬಂದಿತ್ತು ರೀ. ಎಲ್ಲಾ ನಿಮ್ಮದೇ ಅನ್ನಬೇಡಿ.

ಭತ್ತದ ಗದ್ದೆ: ಕಾಲುವೆ ಕೊನೆಯಲ್ಲಿ ಗದ್ದೆ ಇಟ್ಟುಕೊಂಡು ನೋಡಿ, ಆಮೇಲೆ ಮಾತಾಡಿ.

ಅಡ್ಮಿನ್: ನೀರಿನ ಜಗಳ ಇಲ್ಲಿ ಬೇಡ ದಯವಿಟ್ಟು.

ಸೂಳೆಕೆರೆ ಬದಿ: ಸರ್, ನಮ್ಮದು 14 ಅಡಿ ದೋಣಿ. ಬಾಗಿಲು ಎಷ್ಟು ಎತ್ತರ?

ಎಂಜಿನಿಯರ್: ಉದ್ದ ಹೇಳಿದರೆ ಎತ್ತರ ಸಿಗುವುದಿಲ್ಲ. ಟ್ರೇಲರ್ ಮೇಲೆ ಕೂರಿಸಿ ಅಳೆದು ಹೇಳಿ. ಮೇಲೆ ಬರೆದಿದ್ದೇನೆ.

ಭತ್ತದ ಗದ್ದೆ: ಸರ್, ಭತ್ತ ಕಟಾವಿನ ಯಂತ್ರ ತಗೊಳ್ಳೋ ಯೋಚನೆ ಇದೆ. ಶೆಡ್ಡಿಗೆ ಶಟರ್ ಹಾಕಿಸಲಾ?

ಎಂಜಿನಿಯರ್: ಬೇಡ. ಮುಂದಿನ ಕಟರ್ ಅಗಲವೇ 14 ಅಡಿಯ ಹತ್ತಿರ ಬರುತ್ತದೆ, ಎತ್ತರ 12 ಅಡಿ ದಾಟಬಹುದು. ಅಷ್ಟು ದೊಡ್ಡ ಶಟರ್ ಭಾರ, ದುಬಾರಿ, ಗಾಳಿಗೂ ಕಷ್ಟ. ಶೀಟಿನ ಸ್ಲೈಡಿಂಗ್ ಬಾಗಿಲು ಮಾಡಿಸಿ. ಮೇಲೆ ಹಳಿ, ಕೆಳಗೆ ಗೈಡ್. ಸುರುಳಿಗೆ ಜಾಗ ಬೇಕಿಲ್ಲ, ಎತ್ತರ ಪೂರ್ತಿ ಸಿಗುತ್ತದೆ. ಆದರೆ ಬಾಗಿಲು ಸರಿಯಲು ಪಕ್ಕದಲ್ಲಿ ಅಷ್ಟೇ ಅಗಲದ ಗೋಡೆ ಇರಬೇಕು.

ಅಡಿಕೆ ತೋಟ: ಉಪಯುಕ್ತ ಮಾಹಿತಿ, ಎಲ್ಲರಿಗೂ ಹಂಚಿ. ಶಟರ್ ಬಿಗಿಯಾದರೆ ಹಳೆ ಎಂಜಿನ್ ಆಯಿಲ್ ಗೈಡಿಗೆ ಸುರಿಯಿರಿ. ಶಟರ್ ಭಾರ ಆದರೆ ಪೈಪಿನ ಸ್ಪ್ರಿಂಗನ್ನು ರೆಂಚಿನಿಂದ ಎರಡು ಸುತ್ತು ಬಿಗಿ ಮಾಡಿ, ಮನೆಯಲ್ಲೇ ಆಗುತ್ತದೆ.

ಎಂಜಿನಿಯರ್: ಇದನ್ನು ದಯವಿಟ್ಟು ಅಳಿಸಿ. ಹಳೆ ಆಯಿಲ್ ಧೂಳು ಹಿಡಿದು ಗಟ್ಟಿಯಾಗುತ್ತದೆ, ಶಟರ್ ಇನ್ನೂ ಬಿಗಿಯಾಗುತ್ತದೆ. ಗೈಡ್ ಒರೆಸಿ ಸಿಲಿಕಾನ್ ಸ್ಪ್ರೇ ಹೊಡೆದರೆ ಸಾಕು. ಆಯಿಲ್ ಸುರಿದರೆ ಹಾಳಾಗುವುದು ಶಟರ್ ಮಾತ್ರ. ಸ್ಪ್ರಿಂಗ್ ವಿಷಯ ಹಾಗಲ್ಲ. ಹತ್ತಡಿ ಶಟರ್ ನೂರು ಕೆಜಿ ದಾಟುತ್ತದೆ. ಆ ಭಾರವನ್ನು ಹೊರುವ ಶಕ್ತಿ ಸ್ಪ್ರಿಂಗಿನಲ್ಲಿ ಸುತ್ತಿಕೊಂಡು ಕೂತಿರುತ್ತದೆ. ರೆಂಚ್ ಜಾರಿದರೆ ಅದು ಕೈಯನ್ನೋ ಮುಖವನ್ನೋ ಹೊಡೆಯುತ್ತದೆ. ಏಣಿ ಮೇಲೆ ನಿಂತವರು ಕೆಳಗೆ ಬೀಳುತ್ತಾರೆ. ಶಟರ್ ಕೆಲಸದವರನ್ನು ಕರೆಸಿ. ಇದರಲ್ಲಿ ಮನೆಮದ್ದು ಇಲ್ಲ.

ಅಡಿಕೆ ತೋಟ: ಸರ್, ನನಗೆ ಬಂದಿದ್ದನ್ನು ಹಾಕಿದೆ ಅಷ್ಟೇ. ಸಿಟ್ಟಾಗಬೇಡಿ.

ಎಂಜಿನಿಯರ್: ಬಂದಿದ್ದನ್ನೆಲ್ಲ ಹಾಕುವುದರಿಂದಲೇ ಜನ ಏಟು ತಿನ್ನುತ್ತಾರೆ.

ಗೃಹಿಣಿ ದಾವಣಗೆರೆ: ಸರ್, ರಿಮೋಟ್ ಮೋಟಾರ್ ಶಟರ್ ಹಾಕಿಸಬೇಕು ಅಂತಿದ್ದೀವಿ. ಕರೆಂಟ್ ಹೋದರೆ? ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ.

ಎಂಜಿನಿಯರ್: ಕೈಯಿಂದ ಎಳೆಯುವ ಚೈನ್ ಇರುವ ಮೋಟಾರ್ ತಗೊಳ್ಳಿ ಮೇಡಂ. ಏನಾದರೂ ಅಡ್ಡ ಬಂದರೆ ನಿಲ್ಲುವ ಸೆನ್ಸರ್ ಕೇಳಿ ಹಾಕಿಸಿ. ರಿಮೋಟ್ ಮಕ್ಕಳ ಕೈಗೆ ಬೇಡ. ಸ್ವಿಚ್ ಒತ್ತುವವರಿಗೆ ಬಾಗಿಲು ಕಾಣುವಂತಿರಲಿ.

ಕೋಟೆ ಊರು: ಬಾಗಿಲು ಪೂರ್ವಕ್ಕೆ ಅಂದ್ರಿ. ವಾಸ್ತು ಪ್ರಕಾರ ವಾಹನ ವಾಯವ್ಯದಲ್ಲಿ ಇರಬೇಕು.

ಎಂಜಿನಿಯರ್: ನಾನು ಗಾಳಿ ನೋಡಿ ಹೇಳಿದೆ.

ಸೂಳೆಕೆರೆ ಬದಿ: ವಾಯವ್ಯ ಬೇರೆ, ಬಾಗಿಲ ದಿಕ್ಕು ಬೇರೆ.

ಕೋಟೆ ಊರು: ನಮ್ಮಲ್ಲಿ ಆಗ್ನೇಯಕ್ಕೆ ಇಟ್ಟವರು ಎರಡು ಗಾಡಿ ಕಳೆದುಕೊಂಡರು.

ಸೂಳೆಕೆರೆ ಬದಿ: ಸಾಲ ಕಟ್ಟದೆ ಕಳೆದುಕೊಂಡಿದ್ದಕ್ಕೆ ದಿಕ್ಕು ಏನು ಮಾಡುತ್ತೆ?

ಕೋಟೆ ಊರು: ಯಾರ ಮನೆ ವಿಷಯ ಅಂತ ಗೊತ್ತಿಲ್ಲದೆ ಮಾತಾಡಬೇಡ್ರೀ.

ಅಡಿಕೆ ತೋಟ: ಸರ್, ಶೀಟ್ ಯಾವುದು ಒಳ್ಳೆಯದು? ಚದರಡಿಗೆ ಎಷ್ಟಾಗುತ್ತದೆ?

ವಿದ್ಯಾನಗರ ಮನೆ: ಸರ್, ಇದು ಅರ್ಜೆಂಟ್. ನಮ್ಮದು ಹಳೇ ಮನೆ, ಕೆಳಗೆ ಕಾರ್ ನಿಲ್ಲಿಸೋ ಜಾಗ, ಮೇಲೆ ಮಲಗೋ ಕೋಣೆ. ಬಾಗಿಲು 12 ಅಡಿ ಅಗಲ, ಎತ್ತರ ಏಳೂವರೆ. ತಮ್ಮ ಟಿಟಿ ಗಾಡಿ (ಟೆಂಪೋ ಟ್ರಾವೆಲರ್) ತಗೊಂಡಿದ್ದಾನೆ, ಅದು ಒಳಗೆ ಹೋಗಲ್ಲ. ಮೇಸ್ತ್ರಿ ಬಾಗಿಲ ಮೇಲಿನ ಕಾಂಕ್ರೀಟ್ ಒಂದಡಿ ಒಡೆದು, ಆಮೇಲೆ ಎರಡು ಕಬ್ಬಿಣದ ಚಾನೆಲ್ ಕೊಡ್ತೀನಿ ಅಂತಾರೆ. ಇವತ್ತು ಒಡೆಯೋಕೆ ಶುರು ಮಾಡಿದ್ದಾರೆ. ತೊಂದರೆ ಇಲ್ಲ ಅಲ್ವಾ?

ಎಂಜಿನಿಯರ್: ಈಗಲೇ ನಿಲ್ಲಿಸಿ. ಫೋನ್ ಮಾಡಿ ನಿಲ್ಲಿಸಿ, ಆಮೇಲೆ ಮುಂದೆ ಓದಿ.

ನೀವು ಕಾಂಕ್ರೀಟ್ ಅಂತ ಕರೆಯುವುದು ಬರೀ ಲಿಂಟಲ್ ಆಗಿರಲಿಕ್ಕಿಲ್ಲ. 12 ಅಡಿ ಅಗಲದ ಜಾಗದ ಮೇಲೆ ಕೋಣೆ ಇದೆ ಅಂದರೆ ಅದು ಬೀಮ್ ಇರಬೇಕು. ಮೇಲಿನ 9 ಇಂಚಿನ ಇಟ್ಟಿಗೆ ಗೋಡೆ ಹತ್ತಡಿ ಎತ್ತರ ಇದ್ದರೆ ಪ್ರತಿ ಅಡಿ ಉದ್ದಕ್ಕೆ 400 ಕೆಜಿ ಮೀರುತ್ತದೆ. 12 ಅಡಿಗೆ ಸುಮಾರು 5 ಟನ್. ಸ್ಲ್ಯಾಬಿನ ಭಾರ ಬೇರೆ. ಇಷ್ಟನ್ನೂ ಆ ಬೀಮ್ ಹೊತ್ತಿದೆ.

ಬೀಮಿಗೆ ಭಾರ ಬಿದ್ದಾಗ ಕೆಳಭಾಗ ಎಳೆತಕ್ಕೆ ಸಿಗುತ್ತದೆ. ಕಾಂಕ್ರೀಟ್ ಎಳೆತ ತಡೆಯುವುದಿಲ್ಲ. ಅದಕ್ಕೇ ಮುಖ್ಯ ಸರಳುಗಳನ್ನು ಕೆಳಗೆ ಹಾಕುತ್ತಾರೆ. ಮೇಸ್ತ್ರಿ ಒಡೆಯುತ್ತಿರುವುದು ಆ ಕೆಳಭಾಗವನ್ನೇ. ಸರಳು ಬಿಚ್ಚಿಕೊಂಡರೆ ಬೀಮ್ ಒಂದು ಮುನ್ಸೂಚನೆ ಕೊಟ್ಟು ನಿಧಾನಕ್ಕೆ ಬಾಗುತ್ತದೆ ಅಂತ ನಂಬಬೇಡಿ. ಚಾನೆಲ್ ಆಮೇಲೆ ಕೊಡ್ತೀನಿ ಅನ್ನೋ ಮಾತಿನಲ್ಲಿ ಆ "ಆಮೇಲೆ"ಯೇ ಅಪಾಯ. ಅಷ್ಟರವರೆಗೆ ಭಾರ ಯಾರು ಹೊರುತ್ತಾರೆ?

ನಿಜಕ್ಕೂ ಎತ್ತರಿಸಲೇಬೇಕಿದ್ದರೆ ಕ್ರಮ ಬೇರೆ. ಮೊದಲು ಸ್ಟ್ರಕ್ಚರಲ್ ಎಂಜಿನಿಯರ್ ಬಂದು ಬೀಮ್, ಕಾಲಂ, ಸ್ಲ್ಯಾಬ್ ನೋಡಬೇಕು. ಡ್ರಾಯಿಂಗ್ ಆಗಬೇಕು. ಆಮೇಲೆ ಒಳಗೂ ಹೊರಗೂ ಜಾಕ್ (ಕಬ್ಬಿಣದ ಆಸರೆ ಕಂಬ) ಕೊಟ್ಟು ಭಾರ ಹೊರಿಸಬೇಕು. ಜಾಕ್ ಕಾಲಿನ ಕೆಳಗೆ ಹಲಗೆ, ಅದರ ಕೆಳಗೆ ಗಟ್ಟಿ ನೆಲ. ಹೊಸ ಬೀಮ್ ಕಾಲಂ ಮೇಲೆ ಕೂತ ಮೇಲೆ ಹಳೆಯದಕ್ಕೆ ಕೈ ಹಾಕುವುದು. ಮತ್ತೆ ಒಂದು ಲೆಕ್ಕ: ಸ್ಲ್ಯಾಬ್ ಇರುವುದೇ 9 ಅಡಿಗೆ ಅಂದರೆ ಅದರ ಕೆಳಗೆ ಎಷ್ಟು ಒಡೆದರೂ 9 ಅಡಿ ಬಾಗಿಲು ಬರುವುದಿಲ್ಲ. ಬೀಮಿಗೆ ಆಳ ಬೇಕೇ ಬೇಕು.

ನೆಲ ತಗ್ಗಿಸುವ ದಾರಿಯೂ ಇದೆ. ಆದರೆ ಪಾಯದ ಪಕ್ಕ ಅಗೆಯುವಂತಿಲ್ಲ, ಮಳೆ ನೀರು ಒಳಗೆ ಬರುತ್ತದೆ. ನನ್ನನ್ನು ಕೇಳಿದರೆ ಟಿಟಿ ಗಾಡಿಗೆ ಖಾಲಿ ಜಾಗದಲ್ಲಿ ಶೀಟಿನ ಶೆಡ್ ಹಾಕಿ. ಮನೆ ಮುಟ್ಟಬೇಡಿ.

ಅಡಿಕೆ ತೋಟ: ನಮ್ಮ ಊರಲ್ಲಿ ಹೀಗೇ ಒಡೆದಿದ್ದಾರೆ, ಏನೂ ಆಗಿಲ್ಲ. ಎಂಜಿನಿಯರ್‌ಗಳು ಸುಮ್ನೆ ಹೆದರಿಸ್ತಾರೆ. ಟೈರ್ ಗಾಳಿ ಇಳಿಸಿದರೆ ಗಾಡಿ ಒಳಗೆ ಹೋಗುತ್ತೆ ಅಂತಾನೂ ಒಂದು ವಿಡಿಯೋ ಇದೆ.

ಎಂಜಿನಿಯರ್: ಮೇಲೆ ಜನ ಮಲಗುವ ಕೋಣೆ ಇದೆ. ಇಂಥ ಕಡೆ ಇಂಥ ಮಾತು ಹಾಕಬೇಡಿ. ಟೈರ್ ಗಾಳಿ ಇಳಿಸಿದರೆ ಒಂದೆರಡು ಇಂಚು ಸಿಗಬಹುದು, ಟೈರ್ ಹಾಳು. ವಿಡಿಯೋ ಹಾಕಬೇಡಿ.

ಹಿನ್ನೀರು ಹಿರಿಯೂರು: ಸರ್, ಇನ್ನೊಂದು ಪ್ರಶ್ನೆ. ನಮ್ಮ ಶೆಡ್ ಜಾಗದ ಹತ್ತಿರ 11 ಕೆವಿ ಲೈನ್ ಇದೆ. ಪೆಟ್ರೋಲ್ ಎಂಜಿನ್ ಶೆಡ್ಡಲ್ಲೇ ಇಡಬಹುದಾ?

ಎಂಜಿನಿಯರ್: ಲೈನಿನಿಂದ ಅಡ್ಡಕ್ಕೆ ಕನಿಷ್ಠ 1.2 ಮೀಟರ್, ಛಾವಣಿ ಮೇಲೆ ಹೋಗಿದ್ದರೆ ಕನಿಷ್ಠ 3.7 ಮೀಟರ್ ಅಂತರ ಬೇಕು. ನೀವು ಅಳೆಯಬೇಡಿ. ಕಬ್ಬಿಣದ ಟೇಪು, ಅಲ್ಯೂಮಿನಿಯಂ ಕೋಲು ಎತ್ತಲೇಬೇಡಿ. ಬೆಸ್ಕಾಂನವರನ್ನು ಕರೆಸಿ, ಬರವಣಿಗೆಯಲ್ಲಿ ತಗೊಳ್ಳಿ. ದೋಣಿ ಎಳೆಯುವಾಗ ಚಪ್ಪರದ ಮೇಲೆ ಉದ್ದದ ಗಳ ಕಟ್ಟಬೇಡಿ.

ಎಂಜಿನ್ ಇಡಬಹುದು. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ನೆಲದ ಹತ್ತಿರ ಕೂರುತ್ತದೆ. ಅದಕ್ಕೆ ಗೋಡೆಯ ಬುಡದಲ್ಲಿ ಎರಡೂ ಕಡೆ ಜಾಲರಿ ಕಿಂಡಿ ಬಿಡಿ. ಸ್ವಿಚ್ ಎತ್ತರದಲ್ಲಿರಲಿ. ಕ್ಯಾನ್ ಒಳಗೆ ಇಡಬೇಡಿ. ಬ್ಯಾಟರಿ ವೈರ್ ಬಿಚ್ಚಿ. ದೋಣಿಯ ತಳದ ಬಿರಡೆ ತೆಗೆದು ಮೂತಿ ಸ್ವಲ್ಪ ಎತ್ತಿ ನಿಲ್ಲಿಸಿ, ನೀರು ಬಸಿಯುತ್ತದೆ.

ಸೂಳೆಕೆರೆ ಬದಿ: ಸರ್, 14 ಅಡಿ ದೋಣಿ, ಬಾಗಿಲು 9 ಅಡಿ ಸಾಕಾ?

ಎಂಜಿನಿಯರ್: ಅಳತೆ ಕೊಡಿ ಅಂದಿದ್ದೆ.

ಸೂಳೆಕೆರೆ ಬದಿ: ಒಂದು ಮಾತು ಹೇಳಿದರೆ ನಿಮ್ಮದೇನು ಹೋಗುತ್ತೆ ಸರ್?

ಗೃಹಿಣಿ ದಾವಣಗೆರೆ: ಅವರು ದುಡ್ಡು ತಗೊಳ್ಳದೆ ಹೇಳ್ತಿದ್ದಾರೆ. ಒಂದು ಟೇಪು ಹಿಡಿಯೋಕೆ ಏನು ಕಷ್ಟ?

ಅಡಿಕೆ ತೋಟ: ಶೀಟಿನ ರೇಟ್ ಕೇಳಿದ್ದೆ, ಉತ್ತರವೇ ಇಲ್ಲ.

ವಿದ್ಯಾನಗರ ಮನೆ: ಸರ್, ಕೆಲಸ ನಿಲ್ಲಿಸಿದ್ದೀನಿ. ಮೇಸ್ತ್ರಿಗೆ ಬೇಜಾರಾಗಿದೆ. ಎಡಗಡೆ ಸುಮಾರು ಎರಡಡಿ ಉದ್ದ ಒಡೆದಾಗಿದೆ, ಸರಳು ಕಾಣ್ತಿದೆ. ಫೋಟೋ ಹಾಕಿದ್ದೀನಿ.

ಎಂಜಿನಿಯರ್: ನೋಡಿದೆ. ಸರಳು ಕತ್ತರಿಸಿಲ್ಲ, ಅಷ್ಟು ಒಳ್ಳೆಯದಾಯಿತು. ಒಡೆದ ಜಾಗದ ಮೇಲೆ ಓರೆಯಾಗಿ ಒಂದು ಬಿರುಕು ಕಾಣುತ್ತಿದೆ. ಹಳೆಯದೋ ಹೊಸದೋ ಫೋಟೋದಲ್ಲಿ ತಿಳಿಯುವುದಿಲ್ಲ. ದೂರದಿಂದ ಇನ್ನೊಂದು ಫೋಟೋ ತೆಗೆದಿಡಿ. ಬೀಮ್ ಕೆಳಗೆ ಹೋಗಿ ನಿಲ್ಲಬೇಡಿ. ಇವತ್ತು ರಾತ್ರಿ ಮೇಲಿನ ಕೋಣೆಯಲ್ಲಿ ಯಾರೂ ಮಲಗಬೇಡಿ, ಅಮ್ಮ ಅಪ್ಪ ಇದ್ದರೆ ಪಕ್ಕದ ಮನೆಯಲ್ಲಿರಲಿ. ಮೇಲಿನ ನೀರಿನ ಟ್ಯಾಂಕ್ ಆ ಭಾಗದಲ್ಲಿದ್ದರೆ ಖಾಲಿ ಮಾಡಿ. ಜಾಕ್ ಕೊಡುವವರನ್ನು ನಾನೇ ಕಳಿಸುತ್ತೇನೆ, ನಾನೂ ಜೊತೆಗೆ ಬರುತ್ತೇನೆ. ವಿಳಾಸ ಇಲ್ಲಿ ಹಾಕಬೇಡಿ, ನನಗೆ ಒಬ್ಬನಿಗೇ ಮೆಸೇಜ್ ಮಾಡಿ.