ಟ್ರೇಲರ್‌ನ ಎಲೆಕ್ಟ್ರಿಕ್ ಡ್ರಮ್ ಬ್ರೇಕ್ ತೆಗೆದು ಹೈಡ್ರಾಲಿಕ್ ಡಿಸ್ಕ್ ಹಾಕಿಸಬೇಕು, ತಿಳಿದವರು ಹೇಳಿ

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾವಿರುವುದು ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊ ಹತ್ತಿರ. ಎರಡು ಆಕ್ಸಲ್‌ನ ಟ್ರಾವೆಲ್ ಟ್ರೇಲರ್, ಸಾಮಾನು ತುಂಬಿದಾಗ ತೂಕ ಸುಮಾರು 9,000 ಪೌಂಡ್. ಒಂದೊಂದು ಆಕ್ಸಲ್ 5,200 ಪೌಂಡಿನದು, 12 ಇಂಚಿನ ಎಲೆಕ್ಟ್ರಿಕ್ ಡ್ರಮ್, ಆರು ನಟ್ಟಿನ 15 ಇಂಚಿನ ಚಕ್ರ. ಎಳೆಯುವ ಗಾಡಿ ಫೋರ್ಡ್ ಎಫ್-250, ಬ್ರೇಕ್ ಕಂಟ್ರೋಲರ್ (ಟ್ರಕ್ಕಿನೊಳಗಿಂದ ಟ್ರೇಲರಿನ ಬ್ರೇಕ್ ನಿಯಂತ್ರಿಸುವ ಸಾಧನ) ಕಂಪನಿಯದೇ. ಡಾನರ್ ಸಮಿಟ್‌ನಿಂದ ಐ-80 ಹೆದ್ದಾರಿಯಲ್ಲಿ ಪಶ್ಚಿಮಕ್ಕೆ ಇಳಿಯುವಾಗ ಅರ್ಧ ದಾರಿಯಲ್ಲೇ ಹಿಡಿತ ಕಡಿಮೆಯಾಗಿ ಸುಟ್ಟ ವಾಸನೆ ಬರುತ್ತದೆ. ಡಿಸ್ಕ್‌ಗೆ ಏನೇನು ಬೇಕು, ಎಲ್ಲಿ ಎಡವುವ ಸಾಧ್ಯತೆ ಇದೆ?

ಉತ್ತರ 1

ಸರ್, ಸಾಮಾನು ಆರ್ಡರ್ ಮಾಡುವ ಮುಂಚೆ ಈಗಿರುವ ಡ್ರಮ್ ಸರಿಯಾಗಿ ಕೆಲಸ ಮಾಡುತ್ತಿದೆಯೇ ನೋಡಿ. 12 ಇಂಚಿನ ಡ್ರಮ್‌ನ ಮ್ಯಾಗ್ನೆಟ್ (ಕರೆಂಟ್ ಬಂದಾಗ ಶೂ, ಎಂದರೆ ಉಜ್ಜುವ ಪಟ್ಟಿ, ಡ್ರಮ್ಮಿಗೆ ಒತ್ತುವಂತೆ ಮಾಡುವ ವಿದ್ಯುತ್ಕಾಂತ) ಒಂದೊಂದೂ ಪೂರ್ತಿ ವೋಲ್ಟೇಜಿನಲ್ಲಿ ಸುಮಾರು 3 ಆಂಪ್ ಎಳೆಯಬೇಕು, ನಾಲ್ಕೂ ಸೇರಿ 12ರ ಆಸುಪಾಸು. ಟ್ರಕ್ಕಿನಿಂದ ಬ್ರೇಕಿಗೆ ಬರುವ ನೀಲಿ ತಂತಿಗೆ ಕ್ಲ್ಯಾಂಪ್ ಮೀಟರ್ (ತಂತಿಯ ಸುತ್ತ ಹಿಡಿದು ಕರೆಂಟ್ ಅಳೆಯುವ ಮೀಟರ್) ಹಾಕಿ. 9 ಬಂದರೆ ಒಂದು ಚಕ್ರಕ್ಕೆ ಕರೆಂಟೇ ಹೋಗುತ್ತಿಲ್ಲ, ಉಳಿದ ಮೂರು ಅದರ ಕೆಲಸವನ್ನೂ ಹೊತ್ತು ಸುಡುತ್ತಿವೆ. ತಾನಾಗಿ ಅಡ್ಜಸ್ಟ್ ಆಗದ ಮಾದರಿಯಾದರೆ ಸುಮಾರು 3,000 ಮೈಲಿಗೊಮ್ಮೆ ಶೂ ಅಡ್ಜಸ್ಟ್ ಮಾಡಬೇಕು, ಬಹಳ ಜನ ಅದನ್ನು ಮಾಡಿಸುವುದೇ ಇಲ್ಲ. ಹಿಂದಿನ ಸೀಲ್ ಸೋರಿ ಶೂಗೆ ಗ್ರೀಸ್ ಹತ್ತಿದ್ದರೂ ಇದೇ ಲಕ್ಷಣ.

ಇಷ್ಟೆಲ್ಲ ಸರಿಯಿದ್ದೂ ಇಳಿಜಾರಿನಲ್ಲಿ ಹಿಡಿತ ಹೋಗುತ್ತಿದ್ದರೆ ಅದು ಡ್ರಮ್‌ನ ಸ್ವಭಾವ. ಕಾದ ಡ್ರಮ್ ಹಿಗ್ಗಿ ಶೂನಿಂದ ದೂರ ಸರಿಯುತ್ತದೆ, ಬಿಸಿ ಒಳಗೇ ಉಳಿಯುತ್ತದೆ. ಡಿಸ್ಕ್ ಹಿಗ್ಗಿದರೆ ಪ್ಯಾಡ್ ಕಡೆಗೇ ಹಿಗ್ಗುತ್ತದೆ, ಗಾಳಿಗೂ ತೆರೆದಿರುತ್ತದೆ. ಡಾನರ್ ಸಮಿಟ್ಟಿನ 7,239 ಅಡಿ ಎತ್ತರದಿಂದ ಕಣಿವೆಗೆ ಇಳಿಯುವವರಿಗೆ ಈ ವ್ಯತ್ಯಾಸ ದೊಡ್ಡದು.

ಉತ್ತರ 2

ಬೇಕಾದ ಸಾಮಾನು ಇಷ್ಟು. ಹಬ್ ಕೂಡಿಯೇ ಬರುವ 12 ಇಂಚಿನ ರೋಟರ್ (ಡಿಸ್ಕ್) ನಾಲ್ಕು, ಕ್ಯಾಲಿಪರ್ (ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗ), ಬ್ರಾಕೆಟ್, ಪ್ಯಾಡ್ ನಾಲ್ಕು ಚಕ್ರಕ್ಕೂ. ಹೊಸ ಬೇರಿಂಗ್, ಸೀಲ್. ಆಕ್ಚುಯೇಟರ್ ಒಂದು, ಎಂದರೆ ಕಂಟ್ರೋಲರ್‌ನ ಸಿಗ್ನಲ್ ಕಂಡು ಆಯಿಲ್ ಒತ್ತುವ ಮೋಟಾರ್ ಪಂಪು. ಫ್ರೇಮ್ ಉದ್ದಕ್ಕೆ ಕಾಲು ಇಂಚಿನ ಪೈಪು, ಆಕ್ಸಲ್ ಮೇಲೆ 3/16 ಇಂಚಿನದು. ಫ್ರೇಮ್‌ನಿಂದ ಆಕ್ಸಲ್‌ಗೆ ರಬ್ಬರ್ ಹೋಸ್ ಎರಡು, ಕ್ಯಾಲಿಪರ್‌ಗೊಂದರಂತೆ ಚಿಕ್ಕ ಹೋಸ್ ನಾಲ್ಕು. ಬ್ರೇಕ್ ಆಯಿಲ್ ಡಾಟ್ 3, ಎರಡು ಕ್ವಾರ್ಟ್ ಇಟ್ಟುಕೊಳ್ಳಿ. ಸಿಲಿಕೋನ್‌ನ ಡಾಟ್ 5 ಬೇಡ.

ಆಕ್ಚುಯೇಟರ್ ಕೊಳ್ಳುವಾಗ ಒತ್ತಡದ ಅಂಕಿ ಓದಿ. 1,000 ಪಿಎಸ್‌ಐನದು ಹೈಡ್ರಾಲಿಕ್ ಡ್ರಮ್‌ಗೆ, ಡಿಸ್ಕ್‌ಗೆ 1,600 ಬೇಕು. ಪೆಟ್ಟಿಗೆ ನೋಡಲು ಒಂದೇ ಥರ ಇರುತ್ತದೆ. ಕಡಿಮೆಯದು ಹಾಕಿದರೆ ಕಂಟ್ರೋಲರಿನ ಗೇನ್ (ಬ್ರೇಕ್ ಬಲದ ಸೆಟ್ಟಿಂಗ್) ಎಷ್ಟೇ ಏರಿಸಿದರೂ ಟ್ರೇಲರ್ ತಳ್ಳುತ್ತಲೇ ಇರುತ್ತದೆ, ಜನ ಪ್ಯಾಡ್ ಸರಿಯಿಲ್ಲ ಅಂತ ಬೈಯುತ್ತಾರೆ.

ಬೇರಿಂಗ್ ವಿಚಾರ ಸ್ವಲ್ಪ ನಿಧಾನವಾಗಿ ಓದಿ. ಈ ಅಳತೆಯ ಆಕ್ಸಲ್‌ಗಳಲ್ಲಿ ಒಳಬೇರಿಂಗ್ ಸಾಮಾನ್ಯವಾಗಿ 25580 ನಂಬರಿನದು. ಹೊರಗಿನದು ಎಲ್‌ಎಂ67048 ಇರಬಹುದು, 15123 ಇರಬಹುದು. ಎರಡರ ಒಳವ್ಯಾಸವೂ ಒಂದೂಕಾಲು ಇಂಚೇ, ಆದ್ದರಿಂದ ಸ್ಪಿಂಡಲ್ (ಆಕ್ಸಲ್ ತುದಿ) ಮೇಲೆ ಎರಡೂ ಆರಾಮಾಗಿ ಕೂರುತ್ತವೆ. ಆದರೆ ಹಬ್ಬಿನೊಳಗೆ ಬೇರಿಂಗ್ ಕೂರುವ ಬಳೆ, ಎಂದರೆ ರೇಸ್, ಬೇರೆ ಬೇರೆ. ಹಳೆಯ ಬೇರಿಂಗನ್ನು ಹೊಸ ಹಬ್ಬಿಗೆ ತುರುಕಬೇಡಿ, ಹಬ್ಬಿನಲ್ಲಿರುವ ರೇಸ್ ನಂಬರಿಗೆ ಜೋಡಿಯಾದದ್ದನ್ನೇ ಹಾಕಿ.

ಉತ್ತರ 3

ಮೇಲಿನವರು ಹೇಳಿದ್ದಕ್ಕೆ ಕೆಲಸದ ಕ್ರಮ ಸೇರಿಸುತ್ತೇನೆ. ಜಾಕ್ ಕೊಡುವುದು ಫ್ರೇಮ್‌ಗೆ. ಆಕ್ಸಲ್ ಪೈಪಿನ ನಡುವೆ ಕೊಟ್ಟರೆ ಅದು ಬಾಗಿ ಟೈರ್ ಒಂದೇ ಕಡೆ ಸವೆಯುತ್ತದೆ. ಡ್ರಮ್ ಎಳೆದ ಮೇಲೆ ಹಿಂದಿನ ಪ್ಲೇಟನ್ನು ಹಿಡಿದ ಐದು ನಟ್ಟು ಬಿಚ್ಚಿ, ಫ್ಲ್ಯಾಂಜ್‌ನ ತುಕ್ಕು ಬಣ್ಣ ಪೂರ್ತಿ ಕೆರೆಯಿರಿ. ಅಲ್ಲಿ ಉಳಿದ ಒಂದು ಹರಳು ಬ್ರಾಕೆಟ್ಟನ್ನು ಓರೆ ಮಾಡುತ್ತದೆ, ಆಗ ಪ್ಯಾಡ್ ಒಂದು ಬದಿಯೇ ಸವೆಯುತ್ತದೆ.

ಬ್ರಾಕೆಟ್ ತಿರುಗಿಸಿ ಕೂರಿಸುವಾಗ ಕ್ಯಾಲಿಪರ್‌ನ ಬ್ಲೀಡರ್ (ಸಿಕ್ಕಿಕೊಂಡ ಗಾಳಿ ಹೊರಬಿಡುವ ಸ್ಕ್ರೂ) ತುದಿ ಮೇಲೆ ಬರುವ ಹಾಗೆ ನೋಡಿ. ಎಡದ್ದನ್ನು ಬಲಕ್ಕೆ ಹಾಕಿದರೆ ಬ್ಲೀಡರ್ ಕೆಳಗಾಗುತ್ತದೆ, ಗಾಳಿ ಮೇಲೆ ಸಿಕ್ಕಿಕೊಂಡು ಏನು ಮಾಡಿದರೂ ಹೋಗದು. ರೋಟರ್ ಮೇಲೆ ತುಕ್ಕು ತಡೆಯುವ ಎಣ್ಣೆ ಬಳಿದಿರುತ್ತಾರೆ, ಬ್ರೇಕ್ ಕ್ಲೀನರಿನಿಂದ ಒರೆಸಿಯೇ ಹಾಕಿ. ಸ್ಪಿಂಡಲ್ ನಟ್ಟನ್ನು ಹಬ್ ತಿರುಗಿಸುತ್ತಾ 50 ಫುಟ್-ಪೌಂಡ್‌ಗೆ ಬಿಗಿಮಾಡಿ ಬೇರಿಂಗ್ ಕೂರಿಸಿ, ಪೂರ್ತಿ ಸಡಿಲಿಸಿ, ಆಮೇಲೆ ಬರೀ ಬೆರಳಲ್ಲಿ ತಿರುಗಿಸಿ ಪಿನ್ ಹಾಕಿ. 50ರಲ್ಲೇ ಬಿಟ್ಟರೆ ಬೇರಿಂಗ್ ಸುಟ್ಟುಹೋಗುತ್ತದೆ.

ಪೈಪಿನ ತುದಿಗೆ 45 ಡಿಗ್ರಿಯ ಡಬಲ್ ಫ್ಲೇರ್ (ಎರಡು ಪದರವಾಗಿ ಮಡಿಸಿ ಅಗಲಿಸಿದ ಬಾಯಿ) ಬೇಕು. ಸಿಂಗಲ್ ಫ್ಲೇರ್ ಈ ಒತ್ತಡಕ್ಕೆ ಬಿರಿಯುತ್ತದೆ. ತಾಮ್ರ-ನಿಕ್ಕಲ್ ಪೈಪು ಕೈಯಲ್ಲೇ ಬಾಗುತ್ತದೆ, ತುಕ್ಕೂ ಹಿಡಿಯದು, ಸ್ವಲ್ಪ ಹೆಚ್ಚು ದುಡ್ಡಾದರೂ ಅದನ್ನೇ ತಗೊಳ್ಳಿ. ನೀರಿನ ಕೆಲಸದ ಬರೀ ತಾಮ್ರದ ಪೈಪು ಮಾತ್ರ ಬೇಡವೇ ಬೇಡ. ಫ್ಲೇರ್ ಜಾಯಿಂಟಿಗೆ ಟೆಫ್ಲಾನ್ ಟೇಪ್ ಸುತ್ತಬೇಡಿ, ಅಲ್ಲಿ ಆಯಿಲ್ ತಡೆಯುವುದು ಲೋಹಕ್ಕೆ ಲೋಹ ಕೂತದ್ದು, ಚೂರಾದ ಟೇಪ್ ಪೈಪಿನೊಳಗೆ ಅಡ್ಡವಾಗುತ್ತದೆ.

ಪ್ರಶ್ನೆ ಕೇಳಿದವರು

ತುಂಬಾ ಧನ್ಯವಾದ. ಕ್ಲ್ಯಾಂಪ್ ಮೀಟರಿನಲ್ಲಿ 11.8 ಬಂತು, ಶೂ ಒಣಗಿದೆ, ಅಡ್ಜಸ್ಟೂ ಸರಿಯಿದೆ. ಹಾಗಾಗಿ ಡಿಸ್ಕ್‌ಗೇ ಹೋಗುತ್ತೇನೆ. ಎರಡು ಅನುಮಾನ. ಆಕ್ಸಲ್ ಮೇಲೆ ಗಟ್ಟಿ ಪೈಪನ್ನೇ ನೇರ ಕ್ಯಾಲಿಪರ್‌ಗೆ ಕೊಡಬಾರದೇ? ವೈರಿಂಗ್ ಹೇಗೆ?

ಉತ್ತರ 3

ಕೊಡಬಾರದು ಸರ್. ಕ್ಯಾಲಿಪರ್ ತನ್ನ ಪಿನ್ ಮೇಲೆ ಒಳಗೆ ಹೊರಗೆ ಜಾರುತ್ತಿರಬೇಕು. ಗಟ್ಟಿ ಪೈಪು ಅದನ್ನು ಹಿಡಿದಿಟ್ಟರೆ ಪ್ಯಾಡ್ ಉಜ್ಜುತ್ತಲೇ ಇರುತ್ತದೆ, ಕೊನೆಗೆ ಪೈಪು ಬಿರುಕು ಬಿಡುತ್ತದೆ. ಆಕ್ಸಲ್ ಹೋಸ್ ಉದ್ದ ಅಳೆಯುವುದು ಚಕ್ರ ನೇತಾಡುವಾಗ, ನೆಲದ ಮೇಲಿರುವಾಗಲ್ಲ.

ಉತ್ತರ 4

ವೈರಿಂಗ್ ನಾನು ಹೇಳುತ್ತೇನೆ, ಈ ಕೆಲಸದಲ್ಲಿ ಕೆಡುವುದು ಹೆಚ್ಚಾಗಿ ಅದೇ. ಮ್ಯಾಗ್ನೆಟ್ ಇದ್ದಾಗ ಟ್ರಕ್ಕಿನ ಕರೆಂಟೇ ಬ್ರೇಕ್ ಹಿಡಿಯುತ್ತಿತ್ತು. ಇನ್ನು ಮುಂದೆ ಹಿಡಿಯುವುದು ಟ್ರೇಲರಿನ ಬ್ಯಾಟರಿ, ನೀಲಿ ತಂತಿ ಬರೀ ಎಷ್ಟು ಹಿಡಿಯಬೇಕೆಂದು ಹೇಳುತ್ತದೆ. ಆದ್ದರಿಂದ ಆಕ್ಚುಯೇಟರ್‌ಗೆ ಬ್ಯಾಟರಿಯಿಂದ ನೇರ 10 ಗೇಜಿನ ತಂತಿ, 30 ಆಂಪ್ ಬ್ರೇಕರ್, ಅಷ್ಟೇ ದಪ್ಪದ ಅರ್ತ್. ಅರ್ತನ್ನು ಫ್ರೇಮಿನ ಸ್ಕ್ರೂಗೆ ನಂಬಿ ಬಿಡದೆ ಬ್ಯಾಟರಿಗೇ ಒಯ್ಯಿರಿ. ಪಂಪು ಓಡುವಾಗ ಆಕ್ಚುಯೇಟರ್ ಬಳಿಯೇ ವೋಲ್ಟೇಜ್ ನೋಡಿ, 11ಕ್ಕಿಂತ ಕೆಳಗಿಳಿದರೆ ತಂತಿ ಅಥವಾ ಅರ್ತ್ ಸಾಲದು.

ಎಲ್ಲಕ್ಕಿಂತ ಮುಖ್ಯ: ಗಾಡಿ ನಿಲ್ಲಿಸುವಾಗ ಬ್ಯಾಟರಿ ಆಫ್ ಮಾಡುವ ಸ್ವಿಚ್ ಇರುತ್ತದಲ್ಲ, ಆಕ್ಚುಯೇಟರ್ ಮತ್ತು ಬ್ರೇಕ್‌ಅವೇ ಸ್ವಿಚ್ಚಿನ (ಟ್ರೇಲರ್ ಕಳಚಿಕೊಂಡರೆ ತಾನೇ ಬ್ರೇಕ್ ಹಿಡಿಸುವುದು) ತಂತಿ ಅದಕ್ಕಿಂತ ಮುಂಚೆಯೇ, ಬ್ಯಾಟರಿಯ ಕಡೆಯಲ್ಲೇ, ಕವಲೊಡೆಯಬೇಕು. ಇಲ್ಲದಿದ್ದರೆ ಆನ್ ಮಾಡಲು ಮರೆತ ದಿನ ಟ್ರೇಲರಿಗೆ ಬ್ರೇಕೇ ಇರುವುದಿಲ್ಲ, ಕೊಂಡಿ ಕಳಚಿದರೂ ಹಿಡಿಯುವುದಿಲ್ಲ. ದಯವಿಟ್ಟು ಇದೊಂದನ್ನು ಎರಡು ಸಲ ನೋಡಿ.

ಆಕ್ಸಲ್‌ಗೆ ಹೋಗುತ್ತಿದ್ದ ಹಳೆಯ ತಂತಿಗಳನ್ನು ಕತ್ತರಿಸಿ ತುದಿ ಮುಚ್ಚಿ. ನೀಲಿ ತಂತಿಯಲ್ಲಿ ಈಗ ಕರೆಂಟ್ ಹರಿಯುವುದು ಅತ್ಯಲ್ಪ, ಅದಕ್ಕೇ ಕೆಲವು ಕಂಟ್ರೋಲರ್ ಟ್ರೇಲರ್ ಇಲ್ಲವೆಂದು ತೋರಿಸುತ್ತವೆ. ನಿಮ್ಮ ಫೋರ್ಡ್‌ನ ಟ್ರೇಲರ್ ಸೆಟ್ಟಿಂಗ್‌ನಲ್ಲಿ ಎಲೆಕ್ಟ್ರಿಕ್ ಬದಲು ಎಲೆಕ್ಟ್ರಿಕ್ ಓವರ್ ಹೈಡ್ರಾಲಿಕ್ ಆರಿಸಿ.

ಉತ್ತರ 2

ಬ್ಲೀಡಿಂಗ್ (ಪೈಪಿನೊಳಗಿನ ಗಾಳಿ ತೆಗೆಯುವುದು): ಆಕ್ಚುಯೇಟರ್‌ಗೆ ಅತಿ ದೂರದ ಚಕ್ರದಿಂದ ಶುರು. ಟ್ರಕ್ಕಿನ ಪ್ಲಗ್ ಕಿತ್ತಿಟ್ಟು ಬ್ರೇಕ್‌ಅವೇ ಪಿನ್ ಎಳೆದರೆ ಪಂಪು ಓಡುತ್ತದೆ. ಪ್ಲಗ್ ಇದ್ದಂತೆ ಎಳೆದರೆ ಕಂಟ್ರೋಲರ್ ಕೆಡಬಹುದು. ಬ್ಲೀಡರ್‌ಗೆ ಪಾರದರ್ಶಕ ಪೈಪು ಸಿಕ್ಕಿಸಿ ತುದಿ ಆಯಿಲ್ ಇರುವ ಬಾಟಲಿಯಲ್ಲಿ ಮುಳುಗಿಸಿ. ಗುಳ್ಳೆ ನಿಂತ ಮೇಲೆ ಮೊದಲು ಬ್ಲೀಡರ್ ಮುಚ್ಚಿ, ಆಮೇಲೆ ಪಂಪು ನಿಲ್ಲಿಸಿ. ಒಬ್ಬರು ಟ್ಯಾಂಕ್ ಹತ್ತಿರವೇ ನಿಂತಿರಲಿ, ಅದು ಒಮ್ಮೆ ಬರಿದಾದರೆ ಮತ್ತೆ ಮೊದಲಿನಿಂದ. ಮುಗಿದ ಮೇಲೆ ಪೂರ್ತಿ ಒತ್ತಡ ಹಾಕಿ ಪ್ರತಿ ಜಾಯಿಂಟಿಗೂ ಒಣ ಟಿಶ್ಯೂ ಒತ್ತಿ ನೋಡಿ.

ನಿಮ್ಮ ಅರ್ಧ ಇಂಚಿನ ಸ್ಟಡ್‌ಗೆ ಚಕ್ರದ ನಟ್ಟು 90ರಿಂದ 120 ಫುಟ್-ಪೌಂಡ್. 10, 25, 50 ಮೈಲಿಗೆ ಮತ್ತೆ ಬಿಗಿ ನೋಡಬೇಕು. ಗೇನ್ ಕಡಿಮೆಯಿಂದ ಶುರುಮಾಡಿ, ಖಾಲಿ ಜಾಗದಲ್ಲಿ ಸ್ವಲ್ಪ ಸ್ವಲ್ಪ ಏರಿಸಿ, ಡ್ರಮ್‌ಗೆ ಇಟ್ಟಿದ್ದ ಅಂಕಿಯಲ್ಲೇ ಬಿಟ್ಟರೆ ಚಕ್ರ ಲಾಕ್ ಆಗಬಹುದು. ಡಿಸ್ಕ್ ಹಾಕಿಸಿದ ಮೇಲೂ ಡಾನರ್ ಇಳಿಯುವಾಗ ಟೋ-ಹಾಲ್ ಮೋಡ್ (ಟ್ರೇಲರ್ ಎಳೆಯುವಾಗಿನ ಗೇರ್ ಸೆಟ್ಟಿಂಗ್), ಕೆಳಗಿನ ಗೇರು ಬಳಸುವುದನ್ನು ಬಿಡಬೇಡಿ.